ಹೂ ಮುಡಿಸಿದ ಕಂಪ್ಯೂಟರ್

“ಮೇಡಂ, ನನ್ನಿಂದ ಒಂದು ಅನಾಹುತ ಆಗ್ಬಿಟ್ಟಿದೆ. ಬೈಯೋದಾದ್ರೆ ಫೋನಲ್ಲೇ ಬೈದ್ಬಿಡಿ. ಎದುರಿಗೆ ಬೈದ್ರೆ ನಂಗೆ ತಡ್ಕೊಳ್ಳೋಕಾಗಲ್ಲ.”

ಆಯುಧಪೂಜೆಯ ದಿನ ಬೆಳಿಗ್ಗೆ ಒಂಬತ್ತೂವರೆಗೆ ಸುಶ್ರುತ ಹೀಗೆ ಮಾತು ಶುರು ಮಾಡಿದಾಗ ಮೇಘಶ್ರೀ ಸುಬ್ರಹ್ಮಣ್ಯಪುರದ ಮನೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಸ್ಕೂಟರಿಗೆ ಕುಂಕುಮ ಹಚ್ಚುತ್ತಿದ್ದಳು. ಅವನ ಹೆಸರು ಫೋನಿನಲ್ಲಿ ಕಂಡ ಕೂಡಲೇ ತುಟಿಯ ಮೇಲೆ ಬಂದಿದ್ದ ನಗು ಇನ್ನೂ ಅಲ್ಲೇ ಇತ್ತು.

“ಏನಾಯ್ತು ಡಾಕ್ಟ್ರೇ? ಕೀಬೋರ್ಡ್ ಮೇಲೆ ಕಾಫಿ ಚೆಲ್ಲಿದ್ರಾ?”

ಡಾಕ್ಟ್ರೇ ಎಂದಾಗಲೆಲ್ಲ ಅವನು “ನಾನು ಡಾಕ್ಟರ್ ಅಲ್ಲ ಮೇಡಂ, ಸ್ಪೀಚ್ ಥೆರಪಿಸ್ಟ್. ಸರ್ಜನ್ ಆಗ್ಲಿ ಅಂತ ಅಮ್ಮ ಈ ಹೆಸರಿಟ್ರು, ನಾನು ಬರೀ ಮಾತಾಡಿಸ್ಕೊಂಡು ಕೂತೆ” ಎನ್ನುತ್ತಿದ್ದ. ಇವತ್ತು ಅನ್ನಲಿಲ್ಲ.

“ನಿನ್ನೆ ಸಂಜೆ ಸೆಂಟರಲ್ಲಿ ಪೂಜೆ ಇತ್ತಲ್ಲ. ಕಂಪ್ಯೂಟರ್ ಆಫ್ ಮಾಡಿಸಿ, ಒರೆಸಿ, ಹೂವು ಇಡಿಸಿದೆ. ಈಗ ಆನ್ ಮಾಡಿ ನಿಮ್ಮ ಅಪ್ಲಿಕೇಶನ್ ತೆಗೆದ್ರೆ ಒಬ್ಬ ಪೇಷೆಂಟ್ ಹೆಸರೂ ಇಲ್ಲ. ಪೂರ್ತಿ ಖಾಲಿ. ನಾನೇ ಏನೋ ತಪ್ಪು ಮಾಡಿದೀನಿ ಅನ್ಸುತ್ತೆ.”

ಮೇಘಶ್ರೀಯ ಬೆರಳಿನ ಕುಂಕುಮ ಸ್ಕೂಟರಿನ ಬಿಳಿ ಮೈಮೇಲೆ ಉದ್ದಕ್ಕೆ ಗೆರೆ ಎಳೆಯಿತು. “ಏನೂ ಮುಟ್ಬೇಡಿ. ಬರ್ತೀನಿ” ಎಂದಷ್ಟೇ ಹೇಳಿ ಎದ್ದಳು.

“ಏಯ್, ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸ್ದೇ ಎಲ್ಲಿಗೆ ಹೊರಟೆ?” ಎಂದು ಅಮ್ಮ ಒಳಗಿನಿಂದ ಕೂಗಿದರು. “ಇವತ್ತೂ ಆಫೀಸಾ?”

“ಸೆಂಟರ್‌ಗೆ ಅಮ್ಮ.”

“ಓ, ಅಲ್ಲಿಗಾ?” ಅಮ್ಮನ ದನಿ ಥಟ್ಟನೆ ಮೆತ್ತಗಾಯಿತು. “ಹಾಗಾದ್ರೆ ಮುಖಕ್ಕೆ ಸ್ವಲ್ಪ ನೀರಾದ್ರೂ ಹಾಕ್ಕೊಂಡು ಹೋಗು.”

ಇನ್ನೊಂದು ದಿನವಾಗಿದ್ದರೆ ಅವಳು ಅಮ್ಮನ ಮೇಲೆ ರೇಗುತ್ತಿದ್ದಳು. ಇವತ್ತು ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಳ್ಳುತ್ತಲೇ ಗಾಡಿ ಶುರು ಮಾಡಿದಳು.

ತಪ್ಪು ಸುಶ್ರುತನದಲ್ಲ. ಅದು ಅವಳೊಬ್ಬಳಿಗೇ ಗೊತ್ತಿತ್ತು.

ಆರು ತಿಂಗಳ ಹಿಂದೆ ಸೋದರಮಾವನಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಾಗ, ಕುಮಾರಸ್ವಾಮಿ ಲೇಔಟಿನಲ್ಲಿ ಬೇಕರಿಯ ಮೇಲಿನ ಮಹಡಿಯಲ್ಲಿದ್ದ ಆ ಸಣ್ಣ ಸೆಂಟರಿಗೆ ಅವರನ್ನು ಕರೆದುಕೊಂಡು ಹೋಗಿದ್ದಳು. ಅಲ್ಲಿ ಸುಶ್ರುತ ಒಬ್ಬೊಬ್ಬರ ನೋಟ್‌ಬುಕ್ ಹುಡುಕಲು ಪಡುತ್ತಿದ್ದ ಪಾಡು ನೋಡಿ, “ಇದಕ್ಕೆ ನಾನೊಂದು ವೆಬ್ ಅಪ್ಲಿಕೇಶನ್ ಮಾಡಿಕೊಡ್ತೀನಿ, ದುಡ್ಡೇನೂ ಬೇಡ” ಎಂದಿದ್ದಳು. ಆಫೀಸಿನಲ್ಲಿ ದಿನವಿಡೀ ಜಾವಾ ಕೋಡ್ ಬರೆಯುವವಳು ಅವಳು. ಇದು ಅವಳಿಗೆ ಶನಿವಾರದ ಕೆಲಸವಾಯಿತು. ಮಾವ ಚೇತರಿಸಿಕೊಂಡು ಊರಿಗೆ ಹೋದರು. ಶನಿವಾರಗಳು ಹಾಗೇ ಉಳಿದವು.

ಅವಳು ಬರುವ ಹೊತ್ತಿಗೆ ಲೋಟದ ಮೇಲೆ ಬಟ್ಟಲು ಮುಚ್ಚಿದ ಕಾಫಿ ಇರುತ್ತಿತ್ತು. ಕಿಟಕಿಯ ಬಿಸಿಲು ಅವಳ ಪರದೆಯ ಮೇಲೆ ಬಿದ್ದರೆ, ಯಾರೂ ಕೇಳದಿದ್ದರೂ ಪರದೆಬಟ್ಟೆ ಒಂದು ಗೇಣು ಸರಿಯುತ್ತಿತ್ತು. ತಲೆ ಎತ್ತಿ ನೋಡಿದರೆ ಸುಶ್ರುತ ಬೇರೆಲ್ಲೋ ನೋಡುತ್ತಿದ್ದ. ಅವನ ಕಿವಿ ಮಾತ್ರ ಕೆಂಪಗಿರುತ್ತಿತ್ತು.

ಕೆಲಸ ಹಗುರವಾಗಲಿ ಎಂದು ಅವಳು ಆಯ್ದುಕೊಂಡಿದ್ದ ಸಾಧನಕ್ಕೆ ಒಂದು ಗುಣವಿತ್ತು. ಅಪ್ಲಿಕೇಶನ್ನನ್ನು ಡೆವಲಪ್‌ಮೆಂಟ್ ಮೋಡ್‌ನಲ್ಲಿ ಶುರು ಮಾಡಿದರೆ ಸಾಕು, ಅದೇ ಹೋಗಿ ಮಾಹಿತಿ ತುಂಬಿಡಲು ಒಂದು ಡೇಟಾಬೇಸನ್ನು ಎಬ್ಬಿಸಿಕೊಂಡು ಬರುತ್ತಿತ್ತು. ಹಾಕಬೇಕು, ಹೊಂದಿಸಬೇಕು ಎಂಬ ತಾಪತ್ರಯವಿಲ್ಲ. ಕೆಲಸ ಮುಗಿಸಿ ಅಪ್ಲಿಕೇಶನ್ ನಿಲ್ಲಿಸಿದರೆ, ಆ ಡೇಟಾಬೇಸನ್ನೂ ಒಳಗಿದ್ದುದನ್ನೂ ಅದೇ ಅಳಿಸಿ ಹಾಕುತ್ತಿತ್ತು. ಮುಂದಿನ ಸಲ ಮತ್ತೆ ಹೊಸದು, ಖಾಲಿಯದು. ಪರೀಕ್ಷೆ ಮಾಡಿ ನೋಡುವವರಿಗೆ ಅದು ವರ. ಮಾಹಿತಿ ಉಳಿಯಬೇಕೆಂದರೆ ಶಾಶ್ವತವಾದ ಒಂದು ಡೇಟಾಬೇಸ್ ಹಾಕಿ, ಅದರ ವಿಳಾಸವನ್ನು ಒಂದು ಸಾಲಿನಲ್ಲಿ ಬರೆದಿಡಬೇಕು.

ಆ ಒಂದು ಸಾಲನ್ನು ಅವಳು ಬರೆದಿರಲಿಲ್ಲ.

ಹತ್ತೊಂಬತ್ತು ದಿನಗಳ ಕೆಳಗೆ ಸೆಂಟರಿನ ಕಂಪ್ಯೂಟರಿನಲ್ಲಿ ಅದನ್ನು ಶುರು ಮಾಡಿ, “ಸುಮ್ನೆ ಬಾಯಿಗೆ ಬಂದ ಹೆಸರು ತುಂಬಿಸಿ ಎರಡು ದಿನ ಆಡಿಸಿ ನೋಡಿ, ಕಂಪ್ಯೂಟರ್ ಆನ್ ಆಗೇ ಇರ್ಲಿ” ಎಂದು ಹೇಳಿ ಹೋಗಿದ್ದಳು. ಎಂಟನೆಯ ದಿನ ಬಂದು ನೋಡಿದರೆ ಪರದೆಯ ತುಂಬ ನಿಜವಾದ ರೋಗಿಗಳು. ಅವರ ವ್ಯಾಯಾಮ, ಅವರ ತೊದಲು, ಅವರಿಗೆ ಮರಳಿ ಬಂದ ಒಂದೊಂದು ಪದ.

“ನೋಟ್‌ಬುಕ್ ಬರೆಯೋದೇ ನಿಲ್ಲಿಸ್ಬಿಟ್ಟೆ ಮೇಡಂ” ಎಂದಿದ್ದ ಸುಶ್ರುತ, ಹಬ್ಬದ ಬಟ್ಟೆ ತೊಟ್ಟ ಮಗುವಿನ ಹಾಗೆ. “ನೀವು ಮಾಡಿರೋದಲ್ವಾ, ಅಂತ ಒಂದು ನಂಬಿಕೆ.”

ಆಗಲೇ ಹೇಳಬೇಕಿತ್ತು. ಅವನ ಮುಖ ನೋಡಿ ಬಾಯಿ ಬರಲಿಲ್ಲ. ಈ ಭಾನುವಾರ ಸದ್ದಿಲ್ಲದೆ ಬಂದು ಸರಿಮಾಡಿದರಾಯಿತು, ಅವನಿಗೆ ಗೊತ್ತಾಗುವುದೇ ಬೇಡ ಎಂದುಕೊಂಡಳು. ಭಾನುವಾರ ಆಫೀಸಿನ ಕೆಲಸ ಬಂತು. ಮುಂದಿನದಕ್ಕೂ ಬಂತು. ನಡುವಿನ ಶನಿವಾರವನ್ನೂ ಆಫೀಸೇ ನುಂಗಿತು.

ಇಸ್ರೋ ಲೇಔಟ್ ದಾಟುವಾಗ ರಸ್ತೆಯ ತುಂಬ ಒಡೆದ ಬೂದುಗುಂಬಳಕಾಯಿ, ಕುಂಕುಮದ ನೀರು. ಎದುರಿಗೆ ಒಬ್ಬನ ಗಾಡಿ ಅದರ ಮೇಲೆ ಜಾರಿ ಬಿತ್ತು. “ನಿಧಾನಕ್ಕೆ ಅಕ್ಕಾ, ಸಖತ್ ಜಾರುತ್ತೆ!” ಎಂದು ಬಿದ್ದವನೇ ಕೂತಲ್ಲಿಂದ ಕೂಗಿ ಎಚ್ಚರಿಸಿದ. ಮೇಘಶ್ರೀ ಕಾಲು ನೆಲಕ್ಕೆ ಊರಿಕೊಂಡು ಹೋದಳು. ಹ್ಯಾಂಡಲ್ಲಿಗೆ ಕಟ್ಟಿದ್ದ ಚೆಂಡುಹೂವಿನ ಹಾರ ಮೊಣಕಾಲಿಗೆ ತಾಕುತ್ತಿತ್ತು. ಬಿದ್ದರೂ ಚಿಂತೆಯಿಲ್ಲ, ಅವನ ಎದುರು ಹೋಗಿ ನಿಲ್ಲುವುದು ತಪ್ಪುತ್ತದೆ ಎಂದು ಒಂದು ಕ್ಷಣ ಅನಿಸಿ, ಹಾಗೆ ಅನಿಸಿದ್ದಕ್ಕೆ ಇನ್ನಷ್ಟು ಹೆದರಿದಳು.

ಸೆಂಟರಿನ ಬೆಂಚಿನ ಮೇಲೆ ಸಿದ್ದಲಿಂಗಯ್ಯನವರೂ ಅವರ ಹೆಂಡತಿ ಉಮಾಮಹೇಶ್ವರಿಯವರೂ ಕೂತಿದ್ದರು. ಕಾಲ ಬಳಿ ಎರಡು ಬ್ಯಾಗು. ಸಿದ್ದಲಿಂಗಯ್ಯನವರು ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಮಾತು ಹೋದ ಮೇಲೆ ಅವರಿಗೆ ಮೊದಲು ಮರಳಿ ಬಂದ ಪದ “ರೈಟ್”.

“ಬಾಮ್ಮಾ” ಎಂದರು ಉಮಾಮಹೇಶ್ವರಿಯವರು. “ಎರಡು ಗಂಟೆಗೆ ದಾವಣಗೆರೆ ಬಸ್ಸು. ಮಗಳ ಮನೇಲಿ ಒಂದು ತಿಂಗಳು ಇರ್ತೀವಿ. ನಮ್ಮನೆಯವರಿಗೆ ಯಾವ ಮಾತು ಬಂತು, ಯಾವುದಾದ ಮೇಲೆ ಯಾವುದು ಹೇಳಿಸ್ಬೇಕು ಅಂತ ಪಟ್ಟಿ ಕೊಡ್ತೀನಿ ಅಂದಿದ್ರು ಸುಶ್ರುತಪ್ಪ. ಕರೆಂಟ್ ತೊಂದ್ರೆನಾ?”

“ಐದು ನಿಮಿಷ ಆಂಟಿ” ಎಂದು ಹೇಳಿ ಮೇಘಶ್ರೀ ಒಳಗೆ ಹೋದಳು. ಐದು ನಿಮಿಷ ಯಾವುದಕ್ಕೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಕಂಪ್ಯೂಟರಿನ ಹಣೆಗೆ ವಿಭೂತಿಯ ಮೂರು ಪಟ್ಟೆ, ನಡುವೆ ಕುಂಕುಮ, ತಲೆಯ ಮೇಲೆ ಸೇವಂತಿಗೆ. ಪರದೆಯಲ್ಲಿ ಅವಳೇ ಬರೆದಿದ್ದ ಸಾಲು: ರೋಗಿಗಳು ಯಾರೂ ಇಲ್ಲ.

ಪಕ್ಕದಲ್ಲಿ ಸುಶ್ರುತ ನಿಂತಿದ್ದ. ಅಂಗಿಯ ತೋಳು ಒಂದು ಮಡಚಿತ್ತು, ಇನ್ನೊಂದು ಇಳಿಬಿದ್ದಿತ್ತು. ಬಾಗಿಲ ಬಳಿ ಲಕ್ಕವ್ವ. ಸೆಂಟರು ಗುಡಿಸಿ ಒರೆಸಿ, ಬಂದವರಿಗೆ ನೀರು ಕೊಡುವ ಹೆಂಗಸು. ಅತ್ತು ಅವಳ ಕಣ್ಣು ಊದಿದ್ದವು.

“ಲಕ್ಕವ್ವಂಗೆ ಏನೂ ಅನ್ಬೇಡಿ ಮೇಡಂ” ಎಂದ ಸುಶ್ರುತ, ಮೊದಲ ಮಾತಿಗೇ. “ಆಫ್ ಮಾಡು ಅಂದಿದ್ದು ನಾನು. ಸರಿಯಾಗಿ ಮಾಡೋದು ಹೇಗೆ ಅಂತ ನಿಮ್ಮನ್ನ ಕೇಳ್ಬೇಕಿತ್ತು. ಕೇಳಿದ್ರೆ ಹೀಗಾಗ್ತಿರ್ಲಿಲ್ಲ ಅಲ್ವಾ?”

ಹೌದು ಎಂದಿದ್ದರೆ ಮುಗಿದಿತ್ತು. ಒಂದೇ ಪದ. ಅವನು ಜೀವಮಾನವಿಡೀ ತನ್ನನ್ನೇ ಬೈದುಕೊಂಡು, ಅವಳಿಗೆ ಮತ್ತೆ ಕಾಫಿ ಮುಚ್ಚಿಡುತ್ತಿದ್ದ. ಆ ಪದ ಅವಳ ನಾಲಿಗೆಯ ತುದಿಗೂ ಬಂತು. ಅಷ್ಟರಲ್ಲಿ ಲಕ್ಕವ್ವ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

“ನಿಮ್ಮ ತಪ್ಪಲ್ಲ” ಎಂದಳು ಮೇಘಶ್ರೀ. “ಲಕ್ಕವ್ವಂದೂ ಅಲ್ಲ. ಇದು ಯಾವತ್ತು ನಿಲ್ಲಿಸಿದ್ರೂ ಖಾಲಿ ಆಗೋದೇ. ಉಳಿಯೋ ಥರ ನಾನು ಮಾಡೇ ಇರ್ಲಿಲ್ಲ. ಅದು ಟೆಸ್ಟಿಂಗಿಗೆ ಅಂತ ತಾನೇ ಎದ್ದು ತಾನೇ ಅಳಿಸಿಹೋಗೋ ಡೇಟಾಬೇಸ್.”

“ನೀವು ಅವತ್ತು ಬಂದು ನೋಡಿದ್ರಲ್ಲ. ನಿಜವಾದ ಪೇಷೆಂಟ್ಸ್ ಹಾಕಿದೀನಿ ಅಂತ ಹೇಳಿದ್ನಲ್ಲ.”

“ಹೇಳಿದ್ರಿ.”

“ಆವಾಗ್ಲೇ ಗೊತ್ತಿತ್ತಾ?”

“ಗೊತ್ತಿತ್ತು.”

ಸುಶ್ರುತ ಕಿಟಕಿಯ ಕಡೆ ತಿರುಗಿದ. ಕೆಳಗೆ ಬೇಕರಿಯವರು ಯಾರಿಗೋ ದಾರಿ ಹೇಳುತ್ತಿದ್ದರು. ಅವಳು ಅವನ ಬೆನ್ನು ನೋಡುತ್ತ ನಿಂತಳು. ರೋಗಿಗೆ ಪದ ಸಿಗುವವರೆಗೆ ಕಾಯುವುದು ಅವನ ಕೆಲಸ. ಒಂದೊಂದು ಸಲ ನಾಲ್ಕು ನಿಮಿಷ ಸುಮ್ಮನೆ ಕೂತಿರುತ್ತಿದ್ದ, ಮುಖದಲ್ಲಿ ಬೇಸರದ ಎಳೆಯೂ ಇಲ್ಲದೆ. ಈಗ ಆ ಮೌನ ಬೇರೆಯಾಗಿತ್ತು.

“ಹನ್ನೊಂದು ದಿನ” ಎಂದ ಕೊನೆಗೆ. “ಒಂದು ಫೋನ್ ಸಾಕಿತ್ತು. ನಾನು ನೋಟ್‌ಬುಕ್ಕಲ್ಲಿ ಬರ್ಕೋತಿದ್ದೆ.”

“ಹೆದರಿಕೆ ಆಯ್ತು.”

“ಯಾರಿಗೆ? ನಂಗಾ?” ಅವನು ತಿರುಗಿದ. “ನನ್ನ ಕಂಡ್ರೆ ಯಾರಿಗಾದ್ರೂ ಹೆದರಿಕೆ ಆಗುತ್ತಾ ಮೇಡಂ? ಬೇಕರಿ ನಾಯಿನೂ ನಂಗೆ ಹೆದರಲ್ಲ.”

“ನಂಬಿಕೆ ಅಂದ್ರಲ್ಲ. ಅದು ಹೋಗುತ್ತೆ ಅಂತ.”

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಬಾಗಿಲ ಬಳಿ ಲಕ್ಕವ್ವ ಜೋರಾಗಿ ಅಳತೊಡಗಿದಳು.

“ನೀವು ಇಷ್ಟು ಓದಿದವ್ರು ತಪ್ಪು ಒಪ್ಕೊಂಡ್ರಿ. ನಾ ಸುಳ್ಳು ಹೇಳ್ಕೋತ ನಿಂತೀನ್ರಿ ಅವ್ವಾ. ಮೌಸ್ ಹಿಡಿದು ಆಫ್ ಮಾಡಿದೆ ಅಂತ ಇವರಿಗೆ ಹೇಳಿದ್ನಿ. ಮಾಡಿಲ್ರಿ. ನಂಗದು ಎಲ್ಲಿ ಒತ್ತಬೇಕೋ ತಿಳೀಲಿಲ್ಲ. ಗ್ವಾಡಿ ಸ್ವಿಚ್ ಆರಿಸಿಬಿಟ್ಟೆ. ಕೆಳಗಿನ ಡಬ್ಬಿ ಕುಯ್ ಕುಯ್ ಅಂತ ಒದರಾಕ ಹತ್ತಿತು. ಪಾಪ ಅಂತ ಅದರ ಗುಂಡೀನೂ ಒತ್ತಿದೆ. ಎಲ್ಲಾ ಒಮ್ಮಿಗೇ ಕತ್ತಲಾತ್ರಿ.”

ಮೇಘಶ್ರೀ ಅವಳ ಕಡೆ ತಿರುಗಿದಳು.

“ಲಕ್ಕವ್ವ, ಇನ್ನೊಂದ್ಸಲ ಹೇಳಿ. ಪರದೆ ಮೇಲೆ ಏನೂ ಒತ್ತಲಿಲ್ವಾ? ನೇರ ಕರೆಂಟು, ಯುಪಿಎಸ್ಸು ಎರಡೂ ತೆಗೆದ್ರಾ?”

“ಹೌದ್ರಿ. ತಪ್ಪಾತ್ರಿ.”

ಮೇಘಶ್ರೀ ಕುರ್ಚಿ ಎಳೆದು ಕೂತಳು. ಬೆರಳುಗಳು ಕೀಬೋರ್ಡಿನ ಮೇಲೆ ಓಡುವಾಗ ಕುಂಕುಮ ಅಕ್ಷರಗಳಿಗೆ ಮೆತ್ತಿಕೊಳ್ಳುತ್ತಿತ್ತು.

“ಏನಾಯ್ತು?” ಎಂದ ಸುಶ್ರುತ.

“ಕೆಲಸದವರಿಗೆ ಮುಂಚೆ ತಿಳಿಸಿ ಕಳಿಸಿದ್ರೆ ಪಾತ್ರೆ ತೊಳೆದು, ಕವುಚಿಟ್ಟು ಹೋಗ್ತಾರೆ. ಇದೂ ಹಾಗೇನೇ. ಸರಿಯಾಗಿ ಆಫ್ ಮಾಡಿದ್ರೆ ಎಲ್ಲಾ ತೊಳೆದು ಖಾಲಿ ಮಾಡಿ ಹೋಗ್ತಿತ್ತು. ಏಕ್‌ದಂ ಕರೆಂಟ್ ಹೋದ್ರೆ ತೊಳೆಯೋಕೆ ಪುರುಸೊತ್ತಿಲ್ಲ. ಎಂಜಲು ಪಾತ್ರೆ ಇದ್ದಲ್ಲೇ ಇರಬಹುದು. ಇರಬಹುದು ಅಂದೆ, ಇದೆ ಅಂತ ಹೇಳಿಲ್ಲ.”

ಬೆಳಿಗ್ಗೆ ಹೊಸದಾಗಿ ಎದ್ದ ಖಾಲಿ ಡೇಟಾಬೇಸ್ ಪಟ್ಟಿಯಲ್ಲಿ ಮೊದಲು ಕಂಡಿತು. ಅದರ ಕೆಳಗೆ ಇನ್ನೊಂದು ಸಾಲು. ನಿಂತುಹೋಗಿದೆ ಎಂದಿತ್ತು. ಹುಟ್ಟಿದ್ದು ಹತ್ತೊಂಬತ್ತು ದಿನಗಳ ಹಿಂದೆ.

ಅದನ್ನು ಎಬ್ಬಿಸುವ ಆಜ್ಞೆ ಬರೆದು ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಒತ್ತಲು ಧೈರ್ಯ ಬರಲಿಲ್ಲ. ಏಳುವಾಗ ಕೆಟ್ಟಿದೆ ಎಂದು ಹೇಳಿಬಿಟ್ಟರೆ?

“ನಾನು ಒತ್ಲಾ?” ಎಂದ ಅವನು. “ಹೋದ್ರೆ ಇಬ್ಬರ ಕೈಯಿಂದ ಹೋಗ್ಲಿ.”

ಅವನ ಬೆರಳು ಅವಳ ಬೆರಳ ಪಕ್ಕಕ್ಕೆ ಬಂತು. ಒತ್ತಿದ. ಪರದೆ ಸ್ವಲ್ಪ ಹೊತ್ತು ಸುಮ್ಮನಿತ್ತು. ಲಕ್ಕವ್ವ ಯಾವುದೋ ದೇವರ ಹೆಸರು ಹಿಡಿದು ಗೊಣಗುತ್ತಿದ್ದಳು. ಎಷ್ಟು ಹೆಸರಿದೆ ಎಂದು ಮೇಘಶ್ರೀ ಡೇಟಾಬೇಸನ್ನು ಕೇಳಿದಳು.

ಮೂವತ್ತೆರಡು.

“ಇದೆ” ಎಂದಳು. ಹೇಳಿ ಅತ್ತುಬಿಟ್ಟಳು.

ಲಕ್ಕವ್ವ ಓಡಿಬಂದು ಅವಳ ತಲೆ ನೇವರಿಸಿದಳು. ಸುಶ್ರುತ ಮಾತ್ರ ಹುಬ್ಬು ಗಂಟಿಕ್ಕಿದ. “ಮೂವತ್ತೊಂದು ಇರ್ಬೇಕಲ್ಲ ಮೇಡಂ. ನಂಗೆ ಪೇಷೆಂಟ್ಸ್ ಇರೋದೇ ಮೂವತ್ತೊಂದು.” ಮರುಕ್ಷಣವೇ ಏನೋ ನೆನಪಾಗಿ ಅವನ ಮುಖ ಬಿಳಿಚಿತು. “ಎಲ್ಲಾ ತೋರಿಸ್ಬೇಡಿ. ಮೊದಲು ಅಂಕಲ್‌ದು ಮಾತ್ರ—”

ತಡವಾಗಿತ್ತು. ಅಪ್ಲಿಕೇಶನ್ನಿನಲ್ಲಿ ಹೊಸ ಹೆಸರುಗಳು ಮೇಲೆ ಬರುವಂತೆ ಅವಳು ಬರೆದಿದ್ದಳು, ಹಾಗಾಗಿ ಕಟ್ಟಕಡೆಯಲ್ಲಿ ಬೀಳುವ ಮೊದಲನೆಯದನ್ನು ಯಾವತ್ತೂ ನೋಡಿರಲಿಲ್ಲ. ಈಗ ಡೇಟಾಬೇಸ್ ಮೊದಲಿನಿಂದ ಎಲ್ಲವನ್ನೂ ಮುಂದೆ ಸುರಿದಿತ್ತು.

ಹೆಸರು: ಸುಶ್ರುತ. ವಯಸ್ಸು: ಮೂವತ್ತನಾಲ್ಕು. ತೊಂದರೆ: ಶನಿವಾರಗಳಂದು, ಒಬ್ಬರ ಎದುರಿಗೆ ಮಾತ್ರ, ಹೇಳಬೇಕಾದ ಮಾತು ಗಂಟಲಲ್ಲೇ ನಿಲ್ಲುತ್ತದೆ. ಮರಳಿ ಬಂದ ಪದಗಳು: ಇನ್ನೂ ಇಲ್ಲ.

ಇಬ್ಬರೂ ಪರದೆಯನ್ನೇ ನೋಡಿದರು. ಒಬ್ಬರನ್ನೊಬ್ಬರು ನೋಡಲಿಲ್ಲ. ಅವನ ಕಿವಿಗಳು ಸುಡುತ್ತಿದ್ದವು, ಅವಳ ಕಣ್ಣೀರು ಗಲ್ಲದ ಮೇಲೇ ನಿಂತಿತ್ತು.

“ಅಂಕಲ್‌ದು ಪ್ರಿಂಟ್ ಮಾಡ್ತೀನಿ” ಎಂದಳು, ಗಲ್ಲ ಒರೆಸಿಕೊಂಡು.

“ಹೂಂ. ಅದು ಅರ್ಜೆಂಟ್” ಎಂದ ಅವನು, ಗೋಡೆಗೆ.

ಹನ್ನೊಂದು ಪದಗಳ ಪಟ್ಟಿ ಕೈಗೆ ಬಂದಾಗ ಉಮಾಮಹೇಶ್ವರಿಯವರು ಅದನ್ನು ಕಣ್ಣಿಗೊತ್ತಿಕೊಂಡು ಬ್ಯಾಗಿಗಿಟ್ಟರು. ಸಿದ್ದಲಿಂಗಯ್ಯನವರು ಒಳಗೆ ಬಂದು ಅಲಂಕಾರ ಮಾಡಿದ ಕಂಪ್ಯೂಟರನ್ನು ನೋಡುತ್ತ ನಿಂತರು. ಅವರ ಬಾಯಿ ಓರೆಯಾಗಿ ಅಲುಗಿತು. ಹೆಂಡತಿ ಸಹಾಯಕ್ಕೆ ಬಾಯಿ ಹಾಕಹೊರಟರು. ಸುಶ್ರುತ ಬೇಡ ಎಂಬಂತೆ ಮೆಲ್ಲಗೆ ಕೈ ಎತ್ತಿದ. ಎಲ್ಲರೂ ಕಾದರು. ಕೆಳಗೆ ಎರಡು ಬಸ್ಸು ಹೋದವು.

“ಹೂ...” ಎಂದರು ಸಿದ್ದಲಿಂಗಯ್ಯ. “ಹೂವು.”

ಉಮಾಮಹೇಶ್ವರಿಯವರು ಸೆರಗನ್ನು ಬಾಯಿಗೊತ್ತಿಕೊಂಡರು. ಸುಶ್ರುತ ಅವರ ಎರಡೂ ಕೈ ಹಿಡಿದು, “ಹನ್ನೆರಡು! ಮೇಡಂ, ಬರ್ಕೊಳ್ಳಿ” ಎಂದ. ಮೇಘಶ್ರೀ ಕೀಬೋರ್ಡನ್ನು ನೋಡಿದಳು, ಆಮೇಲೆ ಅವನ ಜೇಬಿನಿಂದ ಪೆನ್ನು ಎಳೆದುಕೊಂಡು ಕಾಗದದ ಮೇಲೆ ಬರೆದಳು. ಅವನು ನಕ್ಕ. ಬೆಳಿಗ್ಗೆಯಿಂದ ಅದೇ ಮೊದಲ ನಗು.

ಅವರು ಹೋದರು. ಬ್ಯಾಗು ಹೊತ್ತು ಆಟೋವರೆಗೆ ಬರುತ್ತೇನೆಂದು ಲಕ್ಕವ್ವನೂ ಇಳಿದಳು. ಇಳಿಯುವಾಗ ಬಾಗಿಲು ಮುಂದಕ್ಕೆ ಎಳೆದುಕೊಂಡದ್ದು ಅಭ್ಯಾಸದಿಂದ ಇರಲಿಕ್ಕಿಲ್ಲ.

ಮೇಘಶ್ರೀ ಮಾತಾಡದೆ ಕೆಲಸ ಮಾಡಿದಳು. ಅಳಿಸಿಹೋಗದ ಡೇಟಾಬೇಸ್ ಹಾಕಿದಳು. ವಿಳಾಸದ ಆ ಒಂದು ಸಾಲು ಬರೆದಳು. ಸುಶ್ರುತ ಕಾಫಿ ತಂದಿಟ್ಟು, ಎರಡು ಮಾರು ದೂರ ಹೋಗಿ ಕೂತ.

“ಡಾಕ್ಟ್ರೇ.”

“ಹೇಳಿ.”

“ಹಳೇದ್ರಿಂದ ಹೊಸದಕ್ಕೆ ಸಾಗಿಸ್ಬೇಕು. ಸುಮ್ನೆ ಟೆಸ್ಟಿಗೆ ಅಂತ ಹಾಕಿದ ಸುಳ್ಳು ಮಾಹಿತಿ ಇದ್ರೆ ಈಗ್ಲೇ ಅಳಿಸ್ಬೇಕು. ನಿಜ ಇದ್ರೆ ಸಾಗಿಸ್ಬೇಕು. ಮೊದಲನೇ ಪೇಷೆಂಟ್ ಏನ್ಮಾಡ್ಲಿ?”

ಅವನು ತಲೆ ತಗ್ಗಿಸಿದ. ಅವನ ತುಟಿ ಅಲುಗಿ ನಿಂತಿತು. ದಿನವಿಡೀ ಬೇರೆಯವರ ಬಾಯಿಗೆ ಮಾತು ತರುವವನು, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಅವಳಿಗೆ ಸಹಾಯ ಮಾಡಬೇಕೆನಿಸಿತು. ಮಾಡಲಿಲ್ಲ. ಕಾದಳು. ಅವನು ಅಳಿಸಿ ಎಂದುಬಿಟ್ಟರೆ ಎಂಬ ಭಯಕ್ಕೆ ಅವನ ತುಟಿಯ ಮೇಲಿಂದ ಕಣ್ಣು ತೆಗೆಯಲಿಲ್ಲ.

“ನಿಜ” ಎಂದ.

ಅವಳು ‘ಮರಳಿ ಬಂದ ಪದಗಳು’ ಎಂಬಲ್ಲಿ ಇದ್ದುದನ್ನು ಅಳಿಸಿ, ಆ ಎರಡಕ್ಷರ ಬರೆದಳು.

“ನೀವೇನೂ ಹೇಳ್ಲಿಲ್ಲ” ಎಂದ ಅವನು ಮೆಲ್ಲಗೆ. “ಹೇಳ್ಲೇಬೇಕು ಅಂತಿಲ್ಲ. ಆದ್ರೆ ಹನ್ನೊಂದು ದಿನ ಬಿಟ್ಟು ಹೇಳ್ಬೇಡಿ. ಅದನ್ನ ಇನ್ನೊಂದ್ಸಲ ನನ್ನ ಕೈಲಿ ಆಗಲ್ಲ.”

“ಬೆಳಿಗ್ಗೆ ಗಾಡಿ ಓಡಿಸ್ಕೊಂಡು ಬರೋವಾಗ ಪೇಷೆಂಟ್ಸ್ ಪಟ್ಟಿ ಹೋಯ್ತು ಅಂತ ಹೆದರಿದ್ದೆ. ಇಲ್ಲಿ ನೀವು ಕಿಟಕಿ ಕಡೆ ತಿರುಗಿದ್ರಲ್ಲ, ಆವಾಗ ಪಟ್ಟಿ ನೆನಪೇ ಇರ್ಲಿಲ್ಲ ನಂಗೆ. ನೀವು ತಿರುಗಿ ನೋಡ್ಲಿಲ್ಲ ಅಂದ್ರೆ ಅಂತ ಒಂದೇ ಇತ್ತು.” ಅವಳು ಅವನ ಕಡೆ ತಿರುಗಿದಳು. “ಇನ್ಮೇಲೆ ಏನೇ ಹಾಳಾದ್ರೂ ಮೊದಲು ನಿಮಗೇ ಹೇಳ್ತೀನಿ. ಹಾಳಾಗ್ದೇ ಇದ್ರೂ ಹೇಳ್ತೀನಿ. ಸಾಕಾ?”

“ಶನಿವಾರ ಮಾತ್ರನಾ?”

“ದಿನಾ.”

ಅವನು ಎದ್ದು ಬಂದ. ಅವಳ ಕುರ್ಚಿಯ ಬೆನ್ನಿನ ಮೇಲೆ ಕೈ ಇಟ್ಟ.

ಮೂವತ್ತೆರಡೂ ಹೊಸ ಮನೆಗೆ ಹೋದವು. ಇನ್ನೊಂದು ಕೆಲಸ ಬಾಕಿಯಿತ್ತು. ನಿಲ್ಲಿಸಿ ನೋಡಬೇಕು. ನಿಂತ ಮೇಲೂ ಉಳಿಯುತ್ತದೆಯೇ ಎಂದು ತಿಳಿಯಲು ಬೇರೆ ದಾರಿಯಿಲ್ಲ.

“ಈಗ್ಲೇನಾ?” ಎಂದ ಸುಶ್ರುತ. “ನಾಳೆ ಮಾಡಿದ್ರೆ ಆಗಲ್ವಾ? ಇವತ್ತಿಗೆ ಸಾಕು ಅನ್ಸುತ್ತೆ.”

“ಇವತ್ತೇ. ನಾಳೆವರೆಗೆ ಈ ಹೆದರಿಕೆ ಇಟ್ಕೊಂಡು ನಂಗೆ ನಿದ್ದೆ ಬರಲ್ಲ.”

ಅವಳು ಸರಿಯಾದ ಕ್ರಮದಲ್ಲಿ, ಒಂದೊಂದನ್ನೇ ಅವನಿಗೆ ತೋರಿಸಿಕೊಡುತ್ತ, ಎಲ್ಲವನ್ನೂ ನಿಲ್ಲಿಸಿದಳು. ಪರದೆ ಕಪ್ಪಾಯಿತು. ಆ ಕಪ್ಪಿನಲ್ಲಿ ಅವರಿಬ್ಬರ ಮುಖ ಮಸುಕಾಗಿ ಕಂಡಿತು, ಪಕ್ಕಪಕ್ಕದಲ್ಲಿ. ಕುಂಕುಮ ಮೆತ್ತಿದ ಅವಳ ಕೈಯನ್ನು ಅವನು ಹಿಡಿದುಕೊಂಡ.

“ಬರ್ಲಿಲ್ಲ ಅಂದ್ರೆ?” ಎಂದಳು.

“ಮೂವತ್ತೊಂದು ಮನೆಗೂ ಹೋಗಿ ಕೇಳ್ಕೊಂಡು ಬರೆಯೋಣ. ನಿಮ್ಮ ಗಾಡಿಲಿ. ನಾನು ಹಿಂದೆ ಕೂತ್ಕೋತೀನಿ.”

ಅವಳು ಬಿಡುವಾಗಿದ್ದ ಎಡಗೈಯಿಂದ ಬಟನ್ ಒತ್ತಿದಳು.

ಅಪ್ಲಿಕೇಶನ್ ಎದ್ದಿತು. ಒಂದು ಗಳಿಗೆ ಬಿಳಿ ಪರದೆ. ಆಮೇಲೆ ಹೆಸರುಗಳು ಮೇಲಿನಿಂದ ಕೆಳಗೆ ಒಂದೊಂದಾಗಿ ಬಂದವು. ಅವಳು ಕೊನೆಯ ಪುಟದವರೆಗೆ ಹೋಗಿ, ಕಟ್ಟಕಡೆಯ ಹೆಸರನ್ನು ಗಟ್ಟಿಯಾಗಿ ಓದಿದಳು.

“ಇಲ್ಲೇ ಇದೀನಿ” ಎಂದ ಅವನು.